ಪ್ಯಾಲೆಸ್ಟೀನ್ ಚಿತ್ರೋತ್ಸವದ ಜೊತೆಗೆ ಯಾವ ವಿಶೇಷ ಕಾರ್ಯಕ್ರಮ ಇಟ್ಟುಕೊಳ್ಳಬೇಕು, ಹೇಗೆ ನಡೆಸಬೇಕು?

ನೀವು ಕೇಳಿರುವುದು ಇಷ್ಟು: ಅಮೆರಿಕದ ಪೂರ್ವ ಕರಾವಳಿಯ ನಿಮ್ಮ ಊರಿನಲ್ಲಿ ಅಕ್ಟೋಬರ್ ಕೊನೆಗೆ ನಾಲ್ಕು ದಿನದ ಪ್ಯಾಲೆಸ್ಟೀನ್ ಚಿತ್ರೋತ್ಸವ ಇದೆ, 120 ಆಸನದ ಸಭಾಂಗಣ. ಸಿನಿಮಾ ಆಯ್ಕೆ ಬೇರೆಯವರದ್ದು, ವಿಶೇಷ ಕಾರ್ಯಕ್ರಮಗಳ ಹೊಣೆ ನಿಮ್ಮದು. ನಿರ್ದೇಶಕರ ಜೊತೆ ಸಂವಾದ, ಹಳೆಯ ಚಿತ್ರಗಳ ಸಂಜೆ, ಕಸೂತಿ ಕಮ್ಮಟ, ದಬ್ಕೆ ಎಂಬ ಗುಂಪು ಕುಣಿತ, ಊದ್ ಎಂಬ ತಂತಿವಾದ್ಯದ ವಾದನ, ಊಟ, ಮಳಿಗೆಗಳು, ಹೀಗೆ ಪಟ್ಟಿ ಉದ್ದವಾಗಿದೆ. ಯಾವುದನ್ನು ಉಳಿಸಿಕೊಳ್ಳಲಿ ಅಂತ ಕೇಳಿದ್ದೀರಿ.

ನಾನು ಹೇಳುವುದು: ಮೂರು ಇಟ್ಟುಕೊಳ್ಳಿ, ನಾಲ್ಕಂತೂ ದಾಟಬೇಡಿ. ಸಿನಿಮಾ ಪಟ್ಟಿ ಕೈಗೆ ಬರುವ ಮೊದಲು ಒಂದನ್ನೂ ಗೊತ್ತುಮಾಡಬೇಡಿ. ಪ್ರತಿ ಕಾರ್ಯಕ್ರಮವೂ ಒಂದು ನಿರ್ದಿಷ್ಟ ಸಿನಿಮಾಕ್ಕೆ ಅಂಟಿಕೊಂಡಿರಬೇಕು, ಅದರ ಮುಂಚೆಯೋ ಆಮೇಲೆಯೋ ಎಂಬುದೂ ಆ ಸಿನಿಮಾ ನೋಡಿಯೇ ತೀರ್ಮಾನವಾಗಬೇಕು. ಹೆಚ್ಚಿನ ಉತ್ಸವಗಳು ಎಡವುವುದು ಇಲ್ಲೇ. ಗಾಜಾದ ಹಸಿವಿನ ಬಗ್ಗೆ ಸಾಕ್ಷ್ಯಚಿತ್ರ ಮುಗಿದು ಜನ ಕಣ್ಣೊರೆಸಿಕೊಂಡು ಹೊರಗೆ ಬಂದರೆ ಎದುರಿಗೆ ತಟ್ಟೆಗಳ ಸಾಲು, ಡೋಲಿನ ಸದ್ದು. ಆಯೋಜಕರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ, ಆದರೆ ಪ್ಯಾಲೆಸ್ಟೀನಿನ ಪ್ರೇಕ್ಷಕರಿಗೆ ಅದು ನೋವಾಗುತ್ತದೆ. ಟೊರೊಂಟೊದ ಪ್ಯಾಲೆಸ್ಟೀನ್ ಚಿತ್ರೋತ್ಸವದಲ್ಲಿ ಊಟವನ್ನೇ ಪ್ರತ್ಯೇಕ ಬ್ರಂಚ್ ಕಾರ್ಯಕ್ರಮವಾಗಿ ನಡೆಸುವ ಪದ್ಧತಿ ಇದೆ. ಅದು ಒಳ್ಳೆಯ ಮಾದರಿ.

ಸಂವಾದವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ನಿರ್ದೇಶಕರನ್ನು ಕರೆಸುವ ಆಸೆ ಸಹಜ. ಆದರೆ 2025ರ ಆಗಸ್ಟ್‌ನಿಂದ ಪ್ಯಾಲೆಸ್ಟೀನ್ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ಸಂದರ್ಶಕ ವೀಸಾ ಬಹುಮಟ್ಟಿಗೆ ನಿಂತುಹೋಗಿದೆ. ಬೇರೆ ದೇಶದ ಪಾಸ್‌ಪೋರ್ಟೂ ಇದ್ದು ವೆಸ್ಟ್ ಬ್ಯಾಂಕ್‌ನಲ್ಲಿ ವಾಸವಾಗಿರುವವರನ್ನು ಕರೆಸುವುದಾದರೆ, ಅವರು ಸಾಮಾನ್ಯವಾಗಿ ಅಲೆನ್‌ಬಿ ಸೇತುವೆ ದಾಟಿ ಜೋರ್ಡನ್‌ಗೆ ಹೋಗಿ ಅಮ್ಮಾನ್‌ನಿಂದ ವಿಮಾನ ಹತ್ತಬೇಕು ಎಂಬುದು ನೆನಪಿರಲಿ. ಆ ಸೇತುವೆ ದಿನವಿಡೀ ತೆರೆದಿರುವುದಿಲ್ಲ, ಶುಕ್ರವಾರ ಶನಿವಾರ ಇನ್ನೂ ಬೇಗ ಮುಚ್ಚುತ್ತದೆ, ಕೆಲವೊಮ್ಮೆ ಹೇಳದೆ ಕೇಳದೆ ಮುಚ್ಚುತ್ತದೆ. ಅಮ್ಮಾನ್‌ನಲ್ಲಿ ಒಂದು ರಾತ್ರಿ ಉಳಿಯುವಂತೆ, ದಿನಾಂಕ ಬದಲಿಸಬಹುದಾದ ಟಿಕೆಟ್ಟನ್ನೇ ತೆಗೆಯಿರಿ. ಇಷ್ಟೆಲ್ಲ ಆಗದು ಎಂದಾದರೆ ವಿಡಿಯೊ ಕರೆಯೇ ದಾರಿ.

ವಿಡಿಯೊ ಸಂವಾದ ಕೆಡುವುದು ಮೊದಲು ಗಡಿಯಾರದಿಂದ. ಅಕ್ಟೋಬರ್‌ನಲ್ಲಿ ನಿಮ್ಮ ಊರಿಗಿಂತ ವೆಸ್ಟ್ ಬ್ಯಾಂಕ್‌ನ ರಮಲ್ಲಾ ನಗರ 7 ಗಂಟೆ ಮುಂದಿರುತ್ತದೆ. ಸಂಜೆ 7ರ ಪ್ರದರ್ಶನ 9ಕ್ಕೆ ಮುಗಿದರೆ ಅಲ್ಲಿ ಬೆಳಗಿನ ಜಾವ 4. ಅದಕ್ಕೇ ಸಂವಾದ ಇರುವ ಸಿನಿಮಾವನ್ನು ಮಧ್ಯಾಹ್ನ 12ಕ್ಕೆ ಹಾಕಿ: 95 ನಿಮಿಷದ ಚಿತ್ರವಾದರೆ 1.40ಕ್ಕೆ ಮಾತು ಶುರು, ಅಲ್ಲಿ ರಾತ್ರಿ 8.40. ಇನ್ನೊಂದು ತೊಡಕಿದೆ. ಪ್ಯಾಲೆಸ್ಟೀನಿನ ಬೇಸಿಗೆ ಸಮಯ (ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ) ಸಾಮಾನ್ಯವಾಗಿ ಅಕ್ಟೋಬರ್ ಕೊನೆಯ ಶನಿವಾರ ಮುಗಿಯುತ್ತದೆ, ಅಮೆರಿಕದ್ದು ನವೆಂಬರ್ ಮೊದಲ ಭಾನುವಾರ. ನಡುವಿನ ಆ ಒಂದು ವಾರ ವ್ಯತ್ಯಾಸ 6 ಗಂಟೆಗೆ ಇಳಿಯುತ್ತದೆ, ನಿಮ್ಮ ಉತ್ಸವ ಸರಿಯಾಗಿ ಅಲ್ಲೇ ಬೀಳಬಹುದು. ವಸಂತಕಾಲದ ಉತ್ಸವಗಳಿಗೆ ಇದು ಇನ್ನೂ ಗೊಂದಲ: ರಂಜಾನ್ ಕಾರಣಕ್ಕೆ 2024ರಲ್ಲಿ ಅಲ್ಲಿ ಬೇಸಿಗೆ ಸಮಯ ಏಪ್ರಿಲ್ 20ಕ್ಕೆ ಶುರುವಾಯಿತು, ಇಸ್ರೇಲಿನಲ್ಲಿ ಮಾರ್ಚ್ ಕೊನೆಗೇ ಶುರುವಾಗಿತ್ತು. ಆ ದಿನಗಳಲ್ಲಿ ಒಂದೇ ಬೀದಿಯ ಎರಡು ಫೋನುಗಳು ಎರಡು ಸಮಯ ತೋರಿಸುವುದುಂಟು. ಹಾಗಾಗಿ ಅತಿಥಿಗೆ ಬರೆಯುವಾಗ ‘ರಮಲ್ಲಾ ಸಮಯ ರಾತ್ರಿ 8.40’ ಎಂದೇ ಬರೆಯಿರಿ, ಹಿಂದಿನ ದಿನ ‘ಈಗ ನಿಮ್ಮಲ್ಲಿ ಗಂಟೆ ಎಷ್ಟು’ ಎಂದು ಒಂದು ಸಂದೇಶ ಕಳಿಸಿ ಖಚಿತಪಡಿಸಿಕೊಳ್ಳಿ.

ಎರಡನೆಯದು ಧ್ವನಿ. ಸಭಾಂಗಣದ ಸ್ಪೀಕರಿನಲ್ಲಿ ಬರುವ ಧ್ವನಿಯನ್ನೇ ಕರೆಗೂ ವಾಪಸ್ ಕಳಿಸಿದರೆ ಅತಿಥಿಗೆ ತಮ್ಮದೇ ಮಾತು ತಡವಾಗಿ ಕೇಳಿಸುತ್ತದೆ. ಯಾರಿಗಾದರೂ ಎರಡು ವಾಕ್ಯದಲ್ಲಿ ಮಾತು ಕಟ್ಟಿಹೋಗುತ್ತದೆ. ಮಿಕ್ಸರ್‌ನ ಆಕ್ಸ್ ಔಟ್‌ಪುಟ್‌ಗೆ (ಆರಿಸಿದ ಧ್ವನಿಗಳನ್ನಷ್ಟೇ ಕರೆಗೆ ಕಳಿಸುವ ದಾರಿ) ಸಭಾಂಗಣದ ಮೈಕುಗಳನ್ನು ಮಾತ್ರ ಹಾಕಿ, ಕರೆಯಿಂದ ಬರುವ ಧ್ವನಿಯನ್ನು ಅದರಿಂದ ಹೊರಗಿಡಿ. ಲ್ಯಾಪ್‌ಟಾಪಿಗೆ ವೈರಿನ ಇಂಟರ್ನೆಟ್ ಕೊಡಿ. 120 ಜನರ ಫೋನು ಹಂಚಿಕೊಂಡಿರುವ ವೈಫೈ ನಂಬಬೇಡಿ. ಒಂದು ಕ್ಯಾಮೆರಾ ಪ್ರೇಕ್ಷಕರ ಕಡೆಗೂ ತಿರುಗಿರಲಿ. ಕತ್ತಲ ಗೋಡೆ ನೋಡುತ್ತ ಅರ್ಧ ಗಂಟೆ ಮಾತಾಡುವುದು ಕಷ್ಟ, ಮುಖಗಳು ಕಂಡರೆ ಉತ್ತರವೇ ಬೇರೆ ಥರ ಬರುತ್ತದೆ.

ಗಾಜಾದಲ್ಲಿ ಇರುವವರಾದರೆ ನೇರ ಕರೆಯನ್ನೇ ನಂಬಿ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಹತ್ತು ದಿನ ಮೊದಲೇ ನಾಲ್ಕು ಪ್ರಶ್ನೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಒಂದೊಂದಕ್ಕೆ ಎರಡು ನಿಮಿಷದ ಧ್ವನಿ ಉತ್ತರ ಕೇಳಿ. ಸಂಪರ್ಕ ಸಿಕ್ಕಾಗ ಒಂದೊಂದೇ ಬರುತ್ತವೆ. ಅದಕ್ಕೆ ಇಂಗ್ಲಿಷ್ ಅಡಿಬರಹ ಹಾಕಿ, ಅವರೇ ಒಪ್ಪಿದ ಚಿತ್ರಗಳ ಜೊತೆ ತೆರೆಯ ಮೇಲೆ ಕೇಳಿಸಿ. ಹೆಸರು, ಮುಖ, ಇರುವ ಜಾಗ ಇವುಗಳಲ್ಲಿ ಯಾವುದನ್ನು ಹೇಳಬಹುದು, ಸಂವಾದವನ್ನು ರೆಕಾರ್ಡ್ ಮಾಡಿ ಆಮೇಲೆ ಹಂಚಬಹುದೇ ಎಂದು ಬರಹದಲ್ಲಿ ಕೇಳಿ. ವೆಸ್ಟ್ ಬ್ಯಾಂಕ್‌ನವರಿಗೂ ಇದೇ ನಿಯಮ. ಆಡಿದ ಮಾತಿನ ಪರಿಣಾಮ ಅನುಭವಿಸುವವರು ಅವರು, ನಾವಲ್ಲ.

ಅರಬ್ಬಿಯಲ್ಲಿ ಮಾತಾಡುವ ಅತಿಥಿಯಾದರೆ 30 ನಿಮಿಷದ ಸಂವಾದದಲ್ಲಿ ನಿಜವಾದ ಮಾತು 15 ನಿಮಿಷ, ಉಳಿದದ್ದು ಅನುವಾದಕ್ಕೆ. ಮೂರು ನಾಲ್ಕು ವಾಕ್ಯಕ್ಕೊಮ್ಮೆ ನಿಲ್ಲಲು ಮೊದಲೇ ಹೇಳಿಡಿ. ಪ್ಯಾಲೆಸ್ಟೀನಿನ ಆಡುಮಾತು ಬಲ್ಲ ದುಭಾಷಿಯೇ ಬೇಕು; ಮೊರೊಕ್ಕೊ ಕಡೆಯ ಅರಬ್ಬಿಯಷ್ಟೇ ರೂಢಿಯಿರುವವರಿಗೆ ಹಳ್ಳಿಯ ಮಾತು ಅಲ್ಲಲ್ಲಿ ಕೈತಪ್ಪುತ್ತದೆ. ಪ್ರೇಕ್ಷಕರ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮೈಕು ಕೈಗೆ ಕೊಟ್ಟರೆ ಪ್ರಶ್ನೆಯ ಬದಲು ಭಾಷಣ ಬರುತ್ತದೆ. ಮೊದಲ ಪ್ರಶ್ನೆ ಸಿನಿಮಾ ಕೆಲಸದ ಬಗ್ಗೆಯೇ ಇರಲಿ: ಕ್ಯಾಮೆರಾ ಯಾರ ಕೈಯಲ್ಲಿತ್ತು, ಆ ದೃಶ್ಯ ಯಾಕೆ ಅಷ್ಟು ಉದ್ದ, ಚಿತ್ರಿಸಿದ್ದನ್ನು ಹೊರಗೆ ಕಳಿಸಿದ್ದು ಹೇಗೆ. ರಾಜಕೀಯ ಹೇಗೂ ಬರುತ್ತದೆ. ಕಲಾವಿದರಾಗಿ ಅವರನ್ನು ಮಾತಾಡಿಸುವವರು ಕಡಿಮೆ.

ಎರಡನೆಯ ಆಯ್ಕೆಯಾಗಿ ಹಳೆಯ ಚಿತ್ರಗಳ ಸಂಜೆಯನ್ನು ನಾನು ಮನಸಾರೆ ಹೇಳುತ್ತೇನೆ. 1968ರಲ್ಲಿ ಸುಲಾಫಾ ಜಾದಲ್ಲಾ, ಹಾನಿ ಜವಹರಿಯೆ, ಮುಸ್ತಫಾ ಅಬು ಅಲಿ ಸೇರಿ ಕಟ್ಟಿದ ಪ್ಯಾಲೆಸ್ಟೀನ್ ಫಿಲ್ಮ್ ಯೂನಿಟ್ ಎಂಬ ಚಿತ್ರತಂಡದ ಬಗ್ಗೆ ಅಲ್ಲಿನ ಯುವಕರಿಗೇ ಈಗೀಗ ಗೊತ್ತಾಗುತ್ತಿದೆ. ಜವಹರಿಯೆ 1976ರಲ್ಲಿ ಲೆಬನಾನಿನ ಯುದ್ಧ ಚಿತ್ರಿಸುತ್ತಿರುವಾಗಲೇ ಸತ್ತರು. ಬೈರುತ್‌ನಲ್ಲಿದ್ದ ಆ ತಂಡದ ಚಿತ್ರಸಂಗ್ರಹ 1982ರ ಇಸ್ರೇಲಿ ದಾಳಿಯ ಹೊತ್ತಿಗೆ ಕಾಣೆಯಾಯಿತು. ಇವತ್ತು ನೋಡಲು ಸಿಗುವುದು ಬಹುಪಾಲು ಬೇರೆ ದೇಶಗಳಲ್ಲಿ ಉಳಿದ ಪ್ರತಿಗಳಿಂದ ಬಂದದ್ದು. ಈ ಚಿತ್ರಗಳಲ್ಲಿ ಅನೇಕವು ಅರ್ಧ ಗಂಟೆಯೊಳಗಿನವು, ಎರಡು ಚಿತ್ರ ಮತ್ತು 40 ನಿಮಿಷದ ಮಾತು ಸೇರಿದರೆ ಒಂದು ತುಂಬಿದ ಸಂಜೆ. ಪರಿಚಯ ಭಾಷಣ ಚಿತ್ರಕ್ಕೆ ಮುಂಚೆ 8 ನಿಮಿಷ ಸಾಕು, ಉಳಿದದ್ದು ಆಮೇಲೆ. ಯೂಟ್ಯೂಬಿನಲ್ಲಿ ಸಿಕ್ಕಿದ ಪ್ರತಿ ಹಾಕಬೇಡಿ: ಅನುಮತಿಯ ಪ್ರಶ್ನೆ ಒಂದು, ಅಡಿಬರಹ ದೊಡ್ಡ ತೆರೆಯಲ್ಲಿ ಓದಲಾಗದು ಎಂಬುದು ಇನ್ನೊಂದು. ಹಕ್ಕು ಯಾರದೆಂದು ಹುಡುಕಲು ಕನಿಷ್ಠ ಮೂರು ತಿಂಗಳು ಕೈಯಲ್ಲಿರಲಿ.

ಮೂರನೆಯದು ಕಸೂತಿ ಕಮ್ಮಟ. ತತ್ರೀಜ್ ಎಂದು ಕರೆಯುವ ಈ ಕಲೆ 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಧಾರವಾಡದ ಕಸೂತಿ ಬಲ್ಲವರಿಗೆ ಇದು ಬೇಗ ಕೈಗೆ ಹತ್ತುತ್ತದೆ: ಅಲ್ಲಿಯೂ ಎಳೆ ಎಣಿಸಿ ಹಾಕುವುದೇ, ಮುಖ್ಯ ಹೊಲಿಗೆ ನಮ್ಮ ಮೆಂತಿ ಹೊಲಿಗೆಯ ಹಾಗೆ ಗುಣಾಕಾರದ್ದು. ಒಬ್ಬ ಕಲಿಸುವವರಿಗೆ 12 ಜನ ಮೀರಬಾರದು, ಅವಧಿ ಎರಡು ಗಂಟೆ. ತಲಾ ಒಂದು ತುಂಡು 15 ಸೆಂಟಿಮೀಟರ್ ಚೌಕದ ಐಡಾ ಬಟ್ಟೆ (ಇಂಚಿಗೆ 14 ಚೌಕದ್ದು), 24ನೇ ನಂಬರಿನ ಮೊಂಡು ತುದಿಯ ಸೂಜಿ, 10 ಸೆಂಟಿಮೀಟರ್ ರಿಂಗು, ಕೆಂಪು ದಾರ. ದಾರದಲ್ಲಿ ಆರು ಎಳೆ ಇರುತ್ತವೆ, ಎರಡನ್ನು ಮಾತ್ರ ಬಿಡಿಸಿಕೊಂಡು 45 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಅದಕ್ಕಿಂತ ಉದ್ದವಾದರೆ ಗಂಟು ಬೀಳುತ್ತದೆ. ನೂರು ಹೊಲಿಗೆ ದಾಟದ ಮಾದರಿ ಆರಿಸಿ, ಚಿಕ್ಕ ಸೈಪ್ರೆಸ್ ಮರ ಅಥವಾ ಎಂಟು ಮೂಲೆಯ ನಕ್ಷತ್ರದಂಥದ್ದು. ದೊಡ್ಡದು ಕೊಟ್ಟರೆ ಯಾರದೂ ಮುಗಿಯದೆ ಎಲ್ಲರೂ ಸಪ್ಪಗೆ ಮನೆಗೆ ಹೋಗುತ್ತಾರೆ. ಕಪ್ಪು ಬಟ್ಟೆ ನೋಡಲು ಚೆಂದ, ಹೊಸಬರಿಗೆ ಅದರಲ್ಲಿ ರಂಧ್ರ ಕಾಣುವುದಿಲ್ಲ, ಬಿಳಿಯದೇ ಇರಲಿ. ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು, ಮೇಲಿನ ಓರೆ ಗೆರೆ ಒಂದು ಬಲಕ್ಕೆ ಒಂದು ಎಡಕ್ಕೆ ವಾಲುವುದು. ಎಲ್ಲ ಒಂದೇ ಕಡೆ ವಾಲಿದರೇ ಹೊಲಿಗೆಗೆ ಹೊಳಪು. ಥಿಯೇಟರಿನ ಮೊಗಸಾಲೆಯ ಮಂದ ಬೆಳಕಿನಲ್ಲಿ ಇದನ್ನು ಇಡಬೇಡಿ, ಕಿಟಕಿ ಇರುವ ಕೋಣೆ ಹುಡುಕಿ. ಕಲಿಸಲು ನಿಮ್ಮ ಊರಿನ ಪ್ಯಾಲೆಸ್ಟೀನ್ ಕುಟುಂಬಗಳಲ್ಲಿ ಕೇಳಿ. ಈ ಮಾದರಿ ಯಾವ ಊರಿನದು, ಅಜ್ಜಿಯ ಥೋಬ್‌ನ (ಕಸೂತಿಯ ನಿಲುವಂಗಿ) ಎದೆಯ ಭಾಗದಲ್ಲಿ ಏನಿತ್ತು ಎಂದು ಹೇಳುವವರು ಅವರೇ. ದುಡಿದದ್ದಕ್ಕೆ ಹಣ ಕೊಡಿ, ಸಾಮಾನಿನ ಖರ್ಚನ್ನು ಬೇರೆಯಾಗಿ ಕೊಡಿ.

ದಬ್ಕೆ ಮತ್ತು ಸಂಗೀತ ಇಡಲೇಬೇಕೆಂದರೆ ಕೊನೆಯ ಸಿನಿಮಾ ಮುಗಿದ ಮೇಲೆ ಇಡಿ. ಪಕ್ಕದ ಪರದೆಯಲ್ಲಿ ಚಿತ್ರ ಓಡುತ್ತಿರುವಾಗ ಮೊಗಸಾಲೆಯಲ್ಲಿ ಮೂವತ್ತು ಜನ ಒಟ್ಟಿಗೆ ಕಾಲು ಬಡಿದರೆ ಗೋಡೆಯಲ್ಲ, ನೆಲವೇ ಸದ್ದನ್ನು ಒಯ್ಯುತ್ತದೆ. ಊದ್ ವಾದಕರಿಗೆ 45 ನಿಮಿಷ ಧ್ವನಿ ಪರೀಕ್ಷೆಗೆ ಬೇಕು. ತಣ್ಣನೆಯ ಹೊರಗಿನಿಂದ ಬಂದ ವಾದ್ಯದ ಶ್ರುತಿ ಕೂರಲು ಹೊತ್ತು ಹಿಡಿಯುತ್ತದೆ.

ಊಟದಲ್ಲಿ ಎಲ್ಲರೂ ಮೊದಲು ಕೇಳುವುದು ನಾಬ್ಲುಸ್ ಊರಿನ ಕುನಾಫೆ, ಚೀಸ್ ತುಂಬಿದ ಸಿಹಿತಿಂಡಿ. ಅದನ್ನು ಮೊಗಸಾಲೆಯ ಸಾಲಿಗೆ ಇಡಬೇಡಿ: ಕಾವಲಿಯಿಂದ ಇಳಿದು ಕಾಲು ಗಂಟೆಯಲ್ಲಿ ಒಳಗಿನ ಚೀಸ್ ಗಟ್ಟಿಯಾಗಿ ರಬ್ಬರಿನಂತಾಗುತ್ತದೆ. ಮಾಡಲೇಬೇಕಾದರೆ ಸ್ಥಳದಲ್ಲೇ ಬಿಸಿ ಮಾಡುವ ವ್ಯವಸ್ಥೆ ಇರಬೇಕು, ಉಪ್ಪಿನ ನಾಬ್ಲುಸಿ ಚೀಸನ್ನು ತೆಳುವಾಗಿ ಹೆಚ್ಚಿ ಹಿಂದಿನ ರಾತ್ರಿಯಿಂದ ನೆನೆಸಿ ನಾಲ್ಕೈದು ಸಲ ನೀರು ಬದಲಿಸಿರಬೇಕು. ನೂರು ಜನಕ್ಕೆ ಸುಲಭದ್ದು ಮುಜದ್ದರಾ: ಅಕ್ಕಿ 4 ಕಿಲೊ, ಮಸೂರ ಕಾಳು 3 ಕಿಲೊ, ಈರುಳ್ಳಿ 6 ಕಿಲೊ. ಈರುಳ್ಳಿಯನ್ನು ಆಲಿವ್ ಎಣ್ಣೆಯಲ್ಲಿ ಕಡುಕಂದು ಬರುವವರೆಗೆ ಹುರಿಯದಿದ್ದರೆ ಸಪ್ಪೆ. ತಣ್ಣಗಾದರೂ ರುಚಿ ಕೆಡದು, ಸಸ್ಯಾಹಾರಿಗಳಿಗೂ ನಡೆಯುತ್ತದೆ. ಕೋಳಿಯ ಮುಸಖ್ಖನ್ ಸುರುಳಿಗಳನ್ನು ಇಡುವುದಾದರೆ ಹಲಾಲ್ ಮಾಂಸ, ಮೇಲೆ ಹಾಕುವ ಪೈನ್ ಬೀಜದ ಅಲರ್ಜಿಯ ಚೀಟಿ, ಎರಡೂ ಮರೆಯಬೇಡಿ.

ಮಳಿಗೆಗೆ ಎರಡು ಮೇಜು ಸಾಕು. ಕೆಫಿಯೆ ಎಂಬ ಚೌಕುಳಿ ತಲೆವಸ್ತ್ರ ಮಾರುವುದಾದರೆ ಹೆಬ್ರಾನ್‌ನಲ್ಲಿ 1961ರಿಂದ ನಡೆದಿರುವ ಹಿರ್ಬಾವಿ ಮಗ್ಗದ್ದನ್ನೇ ತರಿಸಿ, ಅಗ್ಗದ ನಕಲು ಬೇಡ.

ಉತ್ಸವ ನವೆಂಬರ್ 2ಕ್ಕೆ ಚಾಚಿಕೊಂಡರೆ ಇನ್ನೊಂದು ಸಾಧ್ಯತೆ ಇದೆ. ಆ ದಿನ 1917ರ ಬಾಲ್ಫೋರ್ ಘೋಷಣೆಯ, ಅಂದರೆ ಪ್ಯಾಲೆಸ್ಟೀನಿನಲ್ಲಿ ಯಹೂದಿಗಳಿಗೆ ನೆಲೆ ಕಲ್ಪಿಸಲು ಬ್ರಿಟನ್ ಬೆಂಬಲ ಸಾರಿದ್ದರ, ವಾರ್ಷಿಕ ದಿನ. 2023ರಲ್ಲಿ ಯುದ್ಧದ ಕಾರಣ ರಮಲ್ಲಾದ ‘ಪ್ಯಾಲೆಸ್ಟೀನ್ ಸಿನಿಮಾ ಡೇಸ್’ ಉತ್ಸವ ನಡೆಸಲಾಗದೆ, ಅದರ ಆಯೋಜಕ ಸಂಸ್ಥೆ ಫಿಲ್ಮ್‌ಲ್ಯಾಬ್ ಪ್ಯಾಲೆಸ್ಟೀನ್ ನವೆಂಬರ್ 2ಕ್ಕೆ ಜಗತ್ತಿನ ಬೇರೆ ಬೇರೆ ಊರುಗಳಲ್ಲಿ ಪ್ರದರ್ಶನ ನಡೆಸಿತು. ನಿಮ್ಮ ಸಮಾರೋಪವನ್ನು ಆ ದಿನಕ್ಕೆ ಹೊಂದಿಸಿಕೊಳ್ಳಲು ಅವರಿಗೇ ಬೇಸಿಗೆಯಲ್ಲಿ ಬರೆಯಿರಿ.

ಇನ್ನು ಸಭಾಂಗಣದ ಕರಾರು. ಸಹಿ ಹಾಕುವ ಮುನ್ನ ಪ್ರತಿ ಕಾರ್ಯಕ್ರಮದ ಹೆಸರು, ಹೊತ್ತು, ಅಡುಗೆ ತರುವುದು, ವಾದ್ಯ ನುಡಿಸುವುದು ಎಲ್ಲವನ್ನೂ ಅದರಲ್ಲಿ ಬರೆಸಿ. ಯಾರೋ ದೂರು ಕೊಟ್ಟರೆಂದು ಕೊನೆಯ ವಾರ ರದ್ದು ಮಾಡುವ ಒತ್ತಡ ಇಂಥ ಉತ್ಸವಗಳ ಮೇಲೆ ಬರುವುದುಂಟು. ರದ್ದತಿಗೆ ಎಷ್ಟು ದಿನದ ಮುನ್ಸೂಚನೆ, ಯಾವ ಕಾರಣಕ್ಕೆ, ಹಣ ಎಷ್ಟು ವಾಪಸ್ ಎಂಬ ಮೂರು ಸಾಲು ಕರಾರಿನಲ್ಲಿ ಇರಲಿ. 120 ಜನ ಹಿಡಿಯುವ ಇನ್ನೊಂದು ಜಾಗದೊಡನೆಯೂ ಮೊದಲೇ ಮಾತಾಡಿಟ್ಟುಕೊಳ್ಳಿ.