ಗಾಂಧಿ ಕ್ಲಾಸಿನ ದುಡ್ಡು ಎಲ್ಲಿಗೆ ಹೋಯಿತು?

ದಾವಣಗೆರೆ ಪಿ.ಜೆ. ಬಡಾವಣೆಯ ಓದುಗರೊಬ್ಬರು ಬರೆದಿದ್ದಾರೆ: ‘ಹೋದ ಸಂಚಿಕೆಯಲ್ಲಿ ಸಿನಿಮಾ ನಿರ್ದೇಶಕ, ನಿರ್ಮಾಪಕ ಎಲ್.ವಿ. ಪ್ರಸಾದ್ ಅವರನ್ನು ಹಾಡಿ ಹೊಗಳಿದ್ದೀರಿ. ಅಶೋಕ ಟಾಕೀಸಿನ ಮುಂದೆ ಕ್ಯೂ ನಿಂತ ನಮ್ಮಂಥವರ ದುಡ್ಡು ತಾನೇ ಅದು? ಸಿನಿಮಾದಲ್ಲಿ ಕೋಟಿಗಟ್ಟಲೆ ದುಡಿದು, ಒಂದು ಆಸ್ಪತ್ರೆಗೆ ಕೊಟ್ಟು, ಅದಕ್ಕೆ ತಮ್ಮದೇ ಹೆಸರು ಇಟ್ಟರೆ ಏನು ದೊಡ್ಡಸ್ತಿಕೆ?’ ಜೊತೆಗೆ ಇನ್ನೊಂದು ಪ್ರಶ್ನೆ: ತಾಯಿಗೆ ಎಂಬತ್ತು ದಾಟಿದೆ, ಪೊರೆ ಆಪರೇಷನ್ ಆಗಿದೆ, ಸಕ್ಕರೆ ಕಾಯಿಲೆಯೂ ಇದೆ. ಅವರು ಕಣ್ಣು ದಾನ ಮಾಡಬಹುದೇ?

ಸಂಪಾದಕರ ಉತ್ತರ:

ದುಡ್ಡು ನಿಮ್ಮದೇ, ಒಪ್ಪಿದೆ. ಅದಕ್ಕೇ ಅದು ಎಲ್ಲಿಗೆ ಹೋಯಿತು ಅಂತ ನೋಡಬೇಕು.

ಪ್ರಸಾದ್ ಹುಟ್ಟಿದ್ದು 1908ರಲ್ಲಿ, ಆಂಧ್ರದ ಏಲೂರು ಹತ್ತಿರದ ಸೋಮವರಪ್ಪಾಡು ಎಂಬ ಹಳ್ಳಿಯಲ್ಲಿ. ರೈತರ ಮನೆ. ಸಾಲ ಮೈಮೇಲೆ ಬಂದಾಗ ಹುಡುಗ ಯಾರಿಗೂ ಹೇಳದೆ ಬೊಂಬಾಯಿಗೆ ಹೊರಟುಬಿಟ್ಟ. ಅಲ್ಲಿ ಸಿನಿಮಾ ಕಂಪನಿಯಲ್ಲಿ ಹೇಳಿದ ಕೆಲಸ ಮಾಡುವ ಹುಡುಗನಾದ. ಡ್ರೀಮ್‌ಲ್ಯಾಂಡ್ ಟಾಕೀಸಿನಲ್ಲಿ ಗೇಟ್‌ಕೀಪರ್ ಆಗಿಯೂ ದುಡಿದ. ಹಿಂದಿ, ತಮಿಳು, ತೆಲುಗು ಮೂರೂ ಭಾಷೆಗಳ ಮೊದಲ ವಾಕ್‌ಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರ ಸಿಕ್ಕಿತು. ಎನ್.ಟಿ. ರಾಮರಾವ್ ಮೊದಲು ತೆರೆಗೆ ಬಂದಿದ್ದು 1949ರಲ್ಲಿ ಇವರ ನಿರ್ದೇಶನದಲ್ಲೇ. 1956ರಲ್ಲಿ ಸ್ವಂತ ನಿರ್ಮಾಣ ಸಂಸ್ಥೆ. 1982ರ ಫಾಲ್ಕೆ ಪ್ರಶಸ್ತಿಯೂ ಇವರಿಗೆ ಬಂತು.

ವ್ಯಾಪಾರಿಯಾಗಿ ಅವರ ಜಾಣತನ ನನಗೆ ಜಾಸ್ತಿ ಕಾಣುವುದು ಲ್ಯಾಬ್‌ನಲ್ಲಿ. 1970ರ ದಶಕದಲ್ಲಿ ಮದರಾಸಿನಲ್ಲಿ ಪ್ರಸಾದ್ ಫಿಲ್ಮ್ ಲ್ಯಾಬ್ ಶುರುವಾಯಿತು. ಆಗೆಲ್ಲ ಶೂಟಿಂಗ್ ಮುಗಿದ ನೆಗೆಟಿವ್ ಅಲ್ಲಿಗೆ ಬರಬೇಕಿತ್ತು. ಕತ್ತಲೆ ಕೋಣೆಯಲ್ಲಿ ರಾಸಾಯನಿಕದಲ್ಲಿ ತೊಳೆದು, ಒಣಗಿಸಿ, ಎಷ್ಟು ಊರಲ್ಲಿ ಬಿಡುಗಡೆಯೋ ಅಷ್ಟು ಪ್ರಿಂಟ್ ತೆಗೆಯಬೇಕಿತ್ತು. ಆಮೇಲೆ ತಗಡಿನ ಡಬ್ಬಗಳಲ್ಲಿ ರೀಲು ಊರೂರಿಗೆ. ಸಿನಿಮಾ ನೂರು ದಿನ ಓಡಲಿ, ಮೂರೇ ದಿನಕ್ಕೆ ಎತ್ತಂಗಡಿಯಾಗಲಿ, ಪ್ರಿಂಟ್ ಅಂತೂ ಹಾಕಲೇಬೇಕಿತ್ತು. ಎಷ್ಟೋ ಕನ್ನಡ ಚಿತ್ರಗಳೂ ಆ ಲ್ಯಾಬ್‌ನಿಂದಲೇ ಬಂದವು. ಟೈಟಲ್ ಕಾರ್ಡಿನಲ್ಲಿ ಆ ಹೆಸರನ್ನು ನೀವೂ ಓದಿರುತ್ತೀರಿ.

ಈಗ ದಾನದ ಮಾತು. ಅಮೆರಿಕದಿಂದ ವಾಪಸ್ ಬಂದ ಕಣ್ಣಿನ ಡಾಕ್ಟರ್ ಗುಳ್ಳಪಲ್ಲಿ ನಾಗೇಶ್ವರ ರಾವ್ ಒಂದು ದೊಡ್ಡ ಸಂಸ್ಥೆ ಕಟ್ಟಲು ಹೊರಟಿದ್ದರು. ಪ್ರಸಾದ್ ಕುಟುಂಬ ಹೈದರಾಬಾದಿನ ಬಂಜಾರಾ ಹಿಲ್ಸ್‌ನಲ್ಲಿ ಐದು ಎಕರೆ ಜಾಗ, ಒಂದು ಕೋಟಿ ರೂಪಾಯಿ ಕೊಟ್ಟಿತು. 1987ರಲ್ಲಿ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆ ಶುರುವಾಯಿತು. ಅದನ್ನು ಕಟ್ಟಿ ಬೆಳೆಸಿದ್ದು ಡಾಕ್ಟರು. ದುಡ್ಡು ಕೊಟ್ಟ ಮೇಲೆ ಕೆಲಸವನ್ನು ಗೊತ್ತಿರುವವರ ಕೈಗೆ ಬಿಡುವುದು ಸುಮ್ನೆ ಮಾತಲ್ಲ. ಅದಕ್ಕೂ ದೊಡ್ಡ ಮನಸ್ಸು ಬೇಕು.

ಅಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳು ದುಡ್ಡು ಕೊಡುವುದಿಲ್ಲ. ಎಷ್ಟೇ ಕಷ್ಟದ ಆಪರೇಷನ್ ಆದರೂ ಅಷ್ಟೇ. ಕೊಡಬಲ್ಲವರ ಫೀಸು ಉಳಿದವರ ಖರ್ಚಿಗೂ ಆಗುತ್ತದೆ. ನಮ್ಮ ಟಾಕೀಸುಗಳಲ್ಲಿ ಬಾಲ್ಕನಿಗೆ ಒಂದು ರೇಟು, ಗಾಂಧಿ ಕ್ಲಾಸಿಗೆ ಒಂದು ರೇಟು ಇದ್ದರೂ ಪರದೆ ಮೇಲಿನ ಸಿನಿಮಾ ಒಂದೇ ಇರುತ್ತಿತ್ತಲ್ವಾ, ಹಾಗೆ. ಇನ್ನೂ ಮೆಚ್ಚಬೇಕಾದ್ದು ಹಳ್ಳಿಯ ಕೆಲಸ. ಸುಮಾರು 50,000 ಜನಕ್ಕೆ ಒಂದರಂತೆ ವಿಷನ್ ಸೆಂಟರ್ ಎಂಬ ಲೆಕ್ಕ ಇಟ್ಟುಕೊಂಡಿದ್ದಾರೆ. ತರಬೇತಿ ಪಡೆದ ಒಬ್ಬರು ಅಲ್ಲಿ ಕಣ್ಣು ನೋಡಿ ಕನ್ನಡಕ ಕೊಡುತ್ತಾರೆ. ತಮ್ಮ ಕೈಯಲ್ಲಾಗದ್ದನ್ನು ಮೇಲಿನ ಆಸ್ಪತ್ರೆಗೆ ಕಳಿಸುತ್ತಾರೆ. ಬರೀ ಕನ್ನಡಕ ಇಲ್ಲದೆ ಸೂಜಿಗೆ ದಾರ ಪೋಣಿಸಲಾಗದೆ, ಅಕ್ಕಿ ಆರಿಸಲಾಗದೆ ಕೂತ ಹೆಂಗಸರು ಎಷ್ಟು ಮಂದಿ, ಯೋಚಿಸಿ.

ಹೆಸರಿನ ವಿಷಯಕ್ಕೆ ಬಂದರೆ, ನಿಮ್ಮೂರಿನ ಜಿಲ್ಲಾ ಆಸ್ಪತ್ರೆಯನ್ನು ಇವತ್ತಿಗೂ ಚಿಗಟೇರಿ ಆಸ್ಪತ್ರೆ ಅಂತಲೇ ಕರೆಯುತ್ತೀರಿ. ರಾಜನಹಳ್ಳಿ ಹನುಮಂತಪ್ಪನವರ ಛತ್ರವೂ ಕೊಟ್ಟವರ ಹೆಸರು ಹೊತ್ತೇ ನಿಂತಿದೆ. ಚೀಟಿ ಹಿಡಿದು ನಿಂತವರು ಬೋರ್ಡ್ ನೋಡಿ ಬೇಜಾರಾಗುವುದಿಲ್ಲ. ಡಾಕ್ಟರ್ ಇದ್ದಾರಾ ಅಂತ ಕೇಳುತ್ತಾರೆ. ಪ್ರಸಾದ್ ತೀರಿಕೊಂಡಿದ್ದು 1994ರಲ್ಲಿ. ಅವರ ಹೆಸರಿನ ಆಸ್ಪತ್ರೆಗಳು ಆಮೇಲೆ ಭುವನೇಶ್ವರ, ವಿಶಾಖಪಟ್ಟಣ, ವಿಜಯವಾಡಕ್ಕೂ ಹೋದವು. ಕೊಟ್ಟವರು ಹೋದ ಮೇಲೂ ಕೆಲಸ ಬೆಳೆಯಿತಲ್ಲ, ಅದನ್ನೇ ನಾನು ದೊಡ್ಡಸ್ತಿಕೆ ಅನ್ನುವುದು.

ಇನ್ನು ನಿಮ್ಮ ತಾಯಿಯವರ ವಿಷಯ. ಖಂಡಿತ ಕೊಡಬಹುದು. ವಯಸ್ಸು, ಸಕ್ಕರೆ ಕಾಯಿಲೆ, ಪೊರೆ ಆಪರೇಷನ್ ಯಾವುದೂ ಅಡ್ಡಿಯಲ್ಲ. ಕೆಲವು ಸೋಂಕು ರೋಗಗಳು, ರಕ್ತದ ಕ್ಯಾನ್ಸರ್‌ನಂಥ ಕೆಲವು ಕಾಯಿಲೆಗಳಿದ್ದರೆ ತೆಗೆದುಕೊಳ್ಳುವುದಿಲ್ಲ. ಡಾ. ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದರು. 2021ರಲ್ಲಿ ಪುನೀತ್ ಅವರ ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಕಣ್ಣಿನ ಮುಂಭಾಗದ ಪಾರದರ್ಶಕ ಭಾಗವಾದ ಒಂದೊಂದು ಕಾರ್ನಿಯಾದ ಮೇಲಿನ ಪದರವನ್ನು ಒಬ್ಬರಿಗೆ, ಒಳಪದರವನ್ನು ಇನ್ನೊಬ್ಬರಿಗೆ ಹಾಕಿದ್ದರು. ಕಣ್ಣು ತೆಗೆದುಕೊಳ್ಳುವುದು ಜೀವ ಹೋಗಿ ಆರು ಗಂಟೆಯೊಳಗೆ ಆಗಬೇಕು. ಹಾಗಾಗಿ ಹತ್ತಿರದ ನೇತ್ರ ಬ್ಯಾಂಕಿನ ನಂಬರ್ ಈಗಲೇ ಬರೆದಿಡಿ, ಅಣ್ಣತಮ್ಮಂದಿರಿಗೂ ಹೇಳಿಡಿ. ಫೋನ್ ಮಾಡಿದ ಮೇಲೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಕೊಡಿ. ನೇತ್ರ ಬ್ಯಾಂಕಿನವರೇ ಮನೆಗೆ ಬರುತ್ತಾರೆ. ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಮುಖ ಕೆಡುವುದಿಲ್ಲ, ಮಣ್ಣು ಮಾಡಲು ತಡವಾಗುವುದಿಲ್ಲ, ಖರ್ಚೂ ಇಲ್ಲ.