ಓದುಗರ ಪ್ರಶ್ನೆ: ರಾತ್ರಿ ಖಯಾಲ್ ಕೇಳಲು ಎಂಥ ಹೆಡ್‌ಫೋನ್?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮಾಸ್ತರ. ಎರಡು ಕೋಣೆಯ ಮನೆ. ಮೊಮ್ಮಗು ಹುಟ್ಟಿದಾಗಿನಿಂದ ರಾತ್ರಿ ಸ್ಪೀಕರ್ ಬಂದ್ ಆಗಿದೆ. ಊಟವಾದ ಮೇಲೆ ಒಂದೆರಡು ತಾಸು ಹಿಂದೂಸ್ತಾನಿ ಖಯಾಲ್ ಗಾಯನ ಕೇಳುವುದು ನನ್ನ ಹಳೆಯ ರೂಢಿ. ಕಿವಿಯೊಳಗೆ ತುರುಕುವ ಇಯರ್‌ಬಡ್ ನನಗೆ ಆಗಿಬರುವುದಿಲ್ಲ. ಮಗ ನಾಯ್ಸ್ ಕ್ಯಾನ್ಸಲಿಂಗ್ ಇರುವುದನ್ನೇ ತಗೊಳ್ಳಿ ಅನ್ನುತ್ತಾನೆ. ಅಂಗಡಿಯವರು ಓಪನ್ ಬ್ಯಾಕ್ ತೋರಿಸಿ, ಸಂಗೀತಕ್ಕೆ ಇದೇ ಸರಿ ಅಂದರು. ಹತ್ತು ಸಾವಿರದೊಳಗೆ ಯಾವುದು ತಗೊಳ್ಳಲಿ? ಕನ್ನಡಕ ಹಾಕುತ್ತೇನೆ. ಫೋನಿಗೆ ಹೆಡ್‌ಫೋನ್ ಸಿಕ್ಕಿಸುವ ತೂತಿಲ್ಲ.
— ಒಬ್ಬ ಓದುಗ, ಮಾಳಮಡ್ಡಿ, ಧಾರವಾಡ

ಉತ್ತರ: ಮಾಸ್ತರೇ, ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಆದರೆ ಅವರು ನಿಮ್ಮ ಮನೆ ನೋಡಿಲ್ಲ. ಓಪನ್ ಬ್ಯಾಕ್‌ನಲ್ಲಿ ಕಿವಿ ಮುಚ್ಚುವ ಕಪ್ಪಿನ ಹಿಂಭಾಗ ಬರೀ ಜಾಲರಿ. ದನಿ ನಿಮ್ಮ ಕಿವಿಗೂ ಬರುತ್ತದೆ, ಕೋಣೆಗೂ ಹೋಗುತ್ತದೆ. ದ್ರುತ್, ಅಂದರೆ ವೇಗದ ಗತಿ, ಶುರುವಾದಾಗ ನೀವು ವಾಲ್ಯೂಮ್ ಸ್ವಲ್ಪ ಏರಿಸಿದಿರಿ ಅಂದುಕೊಳ್ಳಿ. ಪಕ್ಕದಲ್ಲಿ ಮಲಗಿದವರಿಗೆ ಕಿಚಿಕಿಚಿ ಅಂತ ತಬಲಾದ ಪೆಟ್ಟು ಕೇಳುತ್ತಲೇ ಇರುತ್ತದೆ. ಒಂಟಿ ಕೋಣೆ ಇದ್ದವರಿಗೆ ಅದು ಒಳ್ಳೆಯದು. ನಿಮಗೆ ಬೇಕಾಗಿರುವುದು ಕ್ಲೋಸ್ಡ್ ಬ್ಯಾಕ್, ಅಂದರೆ ಹಿಂಭಾಗ ಮುಚ್ಚಿದ್ದು, ಅದೂ ಕಿವಿಯನ್ನು ಪೂರ್ತಿ ಸುತ್ತುವರಿದು ಕೂರುವಂಥದ್ದು.

ಓಪನ್ ಬ್ಯಾಕ್ ಬಿಟ್ಟರೆ ಸಂಗೀತದಲ್ಲಿ ಏನೋ ಕಳೆದುಕೊಳ್ಳುತ್ತೇನೆ ಅನ್ನುವ ಚಿಂತೆ ನಿಮಗಿರಬಹುದು. ಸ್ವಲ್ಪ ಕಳೆದುಕೊಳ್ಳುತ್ತೀರಿ, ನಿಜ. ಓಪನ್ ಬ್ಯಾಕ್‌ನಲ್ಲಿ ಗಾಯಕರು ಎದುರಿಗೆ, ತಂಬೂರಿ ಹಿಂದೆ, ಅಕ್ಕಪಕ್ಕ ತಬಲಾ, ಹಾರ್ಮೋನಿಯಂ, ಹೀಗೆ ಜಾಗ ಹರಡಿಕೊಂಡಂತೆ ಕೇಳುತ್ತದೆ. ಆದರೆ ನಮ್ಮ ಕಡೆಯವರು ಹೆಚ್ಚಾಗಿ ಕೇಳುವುದು ಏನು? ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು. ಇವರ ಹಳೆಯ ಧ್ವನಿಮುದ್ರಣ ಬಹಳಷ್ಟು ಮೊನೊ. 78 ಆರ್‌ಪಿಎಂ ತಟ್ಟೆಗಳಲ್ಲಿ ಎಡ, ಬಲ ಅನ್ನುವುದೇ ಇಲ್ಲ. ಎರಡೂ ಕಿವಿಗೆ ಒಂದೇ ದನಿ, ಹಾಗಾಗಿ ಅದು ತಲೆಯ ನಡುವೆ ಬಂದು ಕೂರುತ್ತದೆ. ಎಷ್ಟು ದುಡ್ಡು ಸುರಿದರೂ ಅದು ಅಗಲವಾಗುವುದಿಲ್ಲ. ಅಲ್ಲಿ ನೀವು ಕೇಳಬೇಕಾದದ್ದು ಕಂಠ, ಉಸಿರು, ಸ್ವರದ ಮೇಲೆ ನಿಲ್ಲುವ ರೀತಿ. ಅದನ್ನು ಒಳ್ಳೆಯ ಕ್ಲೋಸ್ಡ್ ಬ್ಯಾಕ್ ಚೆನ್ನಾಗಿಯೇ ಕೊಡುತ್ತದೆ. ಇಂಥವನ್ನು ಸ್ಟುಡಿಯೋದಲ್ಲಿ ಗಾಯಕರೇ ಹಾಕಿಕೊಂಡು ಹಾಡುತ್ತಾರೆ, ಯಾಕೆಂದರೆ ಹೊರಗೆ ಸೋರಿದ ದನಿಯನ್ನು ಮೈಕ್ ಹಿಡಿದುಬಿಡುತ್ತದೆ.

ಈಗ ಕನ್ನಡಕ. ನಾನು ಹುಬ್ಬಳ್ಳಿಯಲ್ಲಿ ಆಡಿಯೊ ರಿಪೇರಿ ಮಾಡುವವನು. ಬಾಸ್ ಬರುತ್ತಿಲ್ಲ ಅಂತ ಜನ ಹೆಡ್‌ಫೋನ್ ಹಿಡಿದುಕೊಂಡು ಬರುತ್ತಾರೆ. ಬಿಚ್ಚಿ ನೋಡಿದರೆ ಒಳಗೆ ಏನೂ ಕೆಟ್ಟಿರುವುದಿಲ್ಲ. ಕನ್ನಡಕದ ಕಡ್ಡಿ ಪ್ಯಾಡನ್ನು ಒಂದು ಎಳೆಯಷ್ಟು ಎತ್ತಿ ಹಿಡಿದಿರುತ್ತದೆ, ಆ ಸಂದಿಯಲ್ಲಿ ಬಾಸ್ ಸೋರಿಹೋಗುತ್ತದೆ. ಕ್ಲೋಸ್ಡ್ ಬ್ಯಾಕ್‌ನ ಜೀವ ಇರುವುದೇ ಆ ಪ್ಯಾಡು ಕೆನ್ನೆಗೆ, ತಲೆಗೆ ಸಂದಿಲ್ಲದೆ ಅಂಟಿ ಕೂರುವುದರಲ್ಲಿ. ಹಾಗಾಗಿ ಅಂಗಡಿಗೆ ಹೋದಾಗ ಹೀಗೆ ಮಾಡಿ. ಅವರ ಡೆಮೊ ಹಾಡು ಬೇಡ. ನಿಮ್ಮ ಫೋನಿನಲ್ಲಿರುವ, ನಿಮಗೆ ಗೊತ್ತಿರುವ ಒಂದು ವಿಲಂಬಿತ್ (ನಿಧಾನ ಗತಿಯ ಗಾಯನ) ಹಚ್ಚಿ. ಕನ್ನಡಕ ತೆಗೆಯಬೇಡಿ. ಡಗ್ಗಾದ, ಅಂದರೆ ತಬಲಾ ಜೋಡಿಯ ದೊಡ್ಡ ವಾದ್ಯದ, ಗುಂಕಾರ ಬಂದಾಗ ಎರಡೂ ಕಪ್ಪನ್ನು ಅಂಗೈಯಿಂದ ಮೆತ್ತಗೆ ಒತ್ತಿ ನೋಡಿ. ಒತ್ತಿದ ಕೂಡಲೇ ಗುಂಕಾರ ಎದ್ದು ಬಂದರೆ ಆ ಹೆಡ್‌ಫೋನ್ ನಿಮ್ಮ ತಲೆಗೆ ಸರಿಯಾಗಿ ಕೂತಿಲ್ಲ. ಹೆಸರು ಎಷ್ಟೇ ದೊಡ್ಡದಿರಲಿ, ಅದು ಬೇಡ. ಒತ್ತಿದಾಗಲೂ ಬಿಟ್ಟಾಗಲೂ ಹೆಚ್ಚುಕಡಿಮೆ ಒಂದೇ ಥರ ಕೇಳಿದರೆ ಸರಿ. ಆಮೇಲೂ ಹದಿನೈದಿಪ್ಪತ್ತು ನಿಮಿಷ ಹಾಕಿಕೊಂಡೇ ಕೂತಿರಿ. ನೆತ್ತಿ ನೋಯುತ್ತದೋ, ಕಿವಿ ಬೆವರುತ್ತದೋ ಆಗ ತಿಳಿಯುತ್ತದೆ. ಅಂಗಡಿಯವರು ಮುಖ ಸಣ್ಣ ಮಾಡಿದರೆ ಮಾಡಲಿ ಬಿಡಿ, ದುಡ್ಡು ನಿಮ್ಮದು.

ಮಗ ಹೇಳಿದ ನಾಯ್ಸ್ ಕ್ಯಾನ್ಸಲಿಂಗ್ ಬಗ್ಗೆ. ಅದು ಫ್ಯಾನ್, ಬಸ್ಸು, ವಿಮಾನದಂಥ ಒಂದೇ ಸಮನೆ ಗುಂಯ್ ಅನ್ನುವ ಸದ್ದನ್ನು ಚೆನ್ನಾಗಿ ಕಡಿಮೆ ಮಾಡುತ್ತದೆ. ಮಾತು, ಪಾತ್ರೆ ಸದ್ದು, ನಿಮ್ಮ ಸ್ಟೇಷನ್ ಕಡೆಯ ರೈಲಿನ ಸಿಳ್ಳೆಯ ಮುಂದೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಹೊರಗೆ ಸೋರುವ ದನಿಯನ್ನಂತೂ ಅದು ತಡೆಯುವುದಿಲ್ಲ, ಅದು ಮುಚ್ಚಿದ ಕಪ್ಪಿನ ಕೆಲಸ. ಜೊತೆಗೆ ಬ್ಯಾಟರಿ ಒಂದು ದಿನ ಸಾಯುತ್ತದೆ. ಹಾಸಿಗೆ ಪಕ್ಕದ ಕುರ್ಚಿಯಲ್ಲಿ ಕೂತು ಕೇಳುವವರಿಗೆ ವೈರ್ ಇರುವುದೇ ಸಾಕು.

ಹೆಸರು ಹೇಳಿ ಅಂದರೆ, ನಾನು ಮೊದಲು ತೋರಿಸುವುದು ಆಡಿಯೊ ಟೆಕ್ನಿಕಾ ಎಂ40ಎಕ್ಸ್. 35 ಓಮ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ), ಫೋನಿಗೇ ಸಾಕಷ್ಟು ದನಿ ಬರುತ್ತದೆ. ಅದರ ವೈರ್ ತಿರುವಿ ಬಿಚ್ಚಬಹುದು. ಇದು ದೊಡ್ಡ ಅನುಕೂಲ, ಯಾಕೆಂದರೆ ಹೆಡ್‌ಫೋನ್‌ನಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಪಿನ್ನಿನ ಬುಡದಲ್ಲಿ ವೈರು, ಆಮೇಲೆ ಪ್ಯಾಡಿನ ರೆಗ್ಜಿನ್. ಬಜೆಟ್ ಮೀರಿದರೆ ಅದೇ ಕಂಪನಿಯ ಎಂ20ಎಕ್ಸ್ ಇದೆ, ಆದರೆ ಅದರ ವೈರ್ ಬಿಚ್ಚಲು ಬರುವುದಿಲ್ಲ. ಇನ್ನೂ ಸ್ವಲ್ಪ ಖರ್ಚು ಮಾಡಲು ಮಗ ಒಪ್ಪಿದರೆ ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ನೋಡಿ. ಅದರ 80 ಓಮ್ಸ್ ಮಾದರಿಯ ಪ್ಯಾಡು ಮಖಮಲ್ಲಿನದು. ಏಪ್ರಿಲ್, ಮೇ ತಿಂಗಳ ಸೆಕೆಗೆ ರೆಗ್ಜಿನ್‌ಗಿಂತ ಹಿತ, ಕನ್ನಡಕಕ್ಕೂ ಮೆತ್ತಗೆ. ಆದರೆ ಅದು ಬೇರೆ ಬೇರೆ ಓಮ್ಸ್‌ನಲ್ಲಿ ಬರುತ್ತದೆ. ಫೋನಿಗೆ 80 ತಗೊಳ್ಳಿ. 32 ಕೂಡ ನಡೆಯುತ್ತದೆ, ಆದರೆ ಅದರ ಪ್ಯಾಡು ರೆಗ್ಜಿನ್ನಿನದು. 250 ತಂದರೆ ದನಿ ಸಣ್ಣದಾಗುತ್ತದೆ, ದನಿ ಏರಿಸುವ ಬೇರೆ ಆಂಪ್ ಬೇಕಾಗುತ್ತದೆ.

ತೂತಿಲ್ಲದ ಫೋನಿಗೆ ಯುಎಸ್‌ಬಿ-ಸಿ ಕನೆಕ್ಟರ್ ಸಿಗುತ್ತದೆ. ಡ್ಯಾಕ್, ಅಂದರೆ ಡಿಜಿಟಲ್ ಸಂಕೇತವನ್ನು ದನಿಯ ಸಂಕೇತವಾಗಿ ಬದಲಿಸುವ ಚಿಪ್, ಇರುವುದನ್ನೇ ಕೇಳಿ ತಗೊಳ್ಳಿ. ತೀರಾ ಅಗ್ಗದವುಗಳಲ್ಲಿ ಅದು ಇರುವುದಿಲ್ಲ, ಕೆಲವು ಫೋನಿಗೆ ಸಿಕ್ಕಿಸಿದರೆ ಸದ್ದೇ ಬರುವುದಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹೊರಗಿನ ಗದ್ದಲ ಕಡಿಮೆಯಾದದ್ದರಿಂದ ನೀವು ವಾಲ್ಯೂಮ್ ಇಳಿಸಬೇಕು, ಏರಿಸಬಾರದು. ದೊಡ್ಡವರಿಗೆ ವಾರಕ್ಕೆ 40 ತಾಸು, 80 ಡೆಸಿಬಲ್, ಇದು ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಮಿತಿ. ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗಬೇಕು ಅನ್ನಿಸುತ್ತಿದ್ದರೆ ಹೆಡ್‌ಫೋನ್ ಬದಲಿಸಬೇಡಿ, ಇಎನ್‌ಟಿ ಡಾಕ್ಟರ ಹತ್ತಿರ ಕಿವಿ ತೋರಿಸಿ. ಹಾಗೆಯೇ ಮಗು ಅತ್ತಾಗ ನೋಡಿಕೊಳ್ಳುವ ಪಾಳಿ ನಿಮ್ಮದಿದ್ದ ರಾತ್ರಿ ಒಂದು ಕಪ್ಪನ್ನು ಕಿವಿಯ ಹಿಂದಕ್ಕೆ ಸರಿಸಿ ಕೇಳಿ.

ಪ್ರಶ್ನೆ: ಅವ್ವನಿಗೆ ಟಿವಿ ನೋಡಲು ಬ್ಲೂಟೂತ್ ಹೆಡ್‌ಫೋನ್ ತಂದೆ. ತುಟಿ ಮೊದಲು ಆಡುತ್ತದೆ, ಮಾತು ಆಮೇಲೆ ಬರುತ್ತದೆ. ಹೆಡ್‌ಫೋನ್ ಕೆಟ್ಟಿದೆಯಾ?
— ಒಬ್ಬ ಓದುಗಿ, ಹಾವೇರಿ

ಉತ್ತರ: ಕೆಟ್ಟಿಲ್ಲ ತಂಗಿ. ಬ್ಲೂಟೂತ್‌ನಲ್ಲಿ ದನಿಯನ್ನು ಕುಗ್ಗಿಸಿ ಕಳಿಸಿ, ಮತ್ತೆ ಬಿಡಿಸುವಷ್ಟರಲ್ಲಿ ತಡವಾಗುತ್ತದೆ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಆಡಿಯೊ ಡಿಲೇ ಅಥವಾ ಎವಿ ಸಿಂಕ್ ಅಂತ ಇದ್ದರೆ ಅದನ್ನು ಹಿಂದೆ ಮುಂದೆ ಮಾಡಿ ನೋಡಿ. ಸರಿಹೋಗದಿದ್ದರೆ ಟಿವಿಯ ಹಿಂದೆ ಹೆಡ್‌ಫೋನ್ ತೂತು ಇದೆಯಾ ಅಂತ ನೋಡಿ, ಇದ್ದರೆ ಉದ್ದ ವೈರಿನ ಹೆಡ್‌ಫೋನ್ ಸಿಕ್ಕಿಸಿ. ವೈರನ್ನು ಗೋಡೆ ಗುಂಟ ಎಳೆಯಿರಿ, ಅವ್ವ ಎಡವಬಾರದು.