ಹುತ್ತರಿಯ ಗುಂಡು, ಮಂಚದಡಿಯ ಮಾವ

ಗೋಣಿಕೊಪ್ಪಲಿನ ಓದುಗರೊಬ್ಬರು ನಾಲ್ಕು ಪುಟ ಪತ್ರ ಬರೆದಿದ್ದಾರೆ. ಹೋದ ಸಂಚಿಕೆಯ ಬಾಲ್ಯದ ಕಥೆ ಓದಿ ಅವರಿಗೆ ಸಿಟ್ಟು ಬಂದಿದೆ. ಆ ಕಥೆಯಲ್ಲಿ ಬರ್ಮಾ ಯುದ್ಧ ಮುಗಿಸಿ ಊರಿಗೆ ಮರಳಿದ ಮಾವ ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯ ರಾತ್ರಿ ಗುಂಡಿನ ಸದ್ದಿಗೆ ಮಂಚದಡಿ ಸೇರುತ್ತಾನೆ. ಒಂಬತ್ತು ವರ್ಷದ ಸೋದರಸೊಸೆ ಅದನ್ನು ನೋಡಿಬಿಡುತ್ತಾಳೆ. ‘ಜನರಲ್‌ಗಳನ್ನು ಕೊಟ್ಟ ನಾಡಿನಲ್ಲಿ ಇಂಥ ಹೇಡಿಯೇ ಬೇಕಿತ್ತೆ ನಿಮಗೆ? ಇದ್ದನೆಂದೇ ಇಟ್ಟುಕೊಳ್ಳೋಣ, ಮನೆಯ ಮಾತನ್ನು ಬೀದಿಗೆ ತರಬೇಕೆ?’ ಎಂದು ಕೇಳಿದ್ದಾರೆ. ಕಥೆಯಲ್ಲಿನ ಒಂದು ತಪ್ಪನ್ನೂ ಎತ್ತಿ ಆಡಿದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಸ್ವಾಮಿ, ನಿಮ್ಮ ಅಭಿಮಾನ ತಪ್ಪಲ್ಲ. ಶನಿವಾರಸಂತೆಯಲ್ಲಿ ಹುಟ್ಟಿದ ಕಾರ್ಯಪ್ಪನವರು 1949ರ ಜನವರಿ 15ರಂದು ನಮ್ಮ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ತಿಮ್ಮಯ್ಯನವರು ಅದೇ ಬರ್ಮಾ ರಂಗದಲ್ಲಿ ಬ್ರಿಗೇಡನ್ನೇ ನಡೆಸಿದವರು, 1957ರಲ್ಲಿ ಸೇನೆಯ ಮುಖ್ಯಸ್ಥರಾದವರು. ಇಬ್ಬರಿಗೂ ನನ್ನ ನಮಸ್ಕಾರ. ತಿಮ್ಮಯ್ಯನವರ ‘ಸನ್ನಿ ಸೈಡ್’ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ, ಹೋಗಿ ನೋಡಿಬಂದಿದ್ದೇನೆ. ಆದರೆ ಆ ಎರಡನೆಯ ಮಹಾಯುದ್ಧಕ್ಕೆ ಭಾರತದಿಂದ ಸೇರಿದವರು ಸುಮಾರು 25 ಲಕ್ಷ ಜನ. ಜನರಲ್ ಆದವರನ್ನು ಬೆರಳಲ್ಲಿ ಎಣಿಸಬಹುದು. ಮಿಕ್ಕವರು ಕಬ್ಬಿಣದ ಟ್ರಂಕು ಹೊತ್ತುಕೊಂಡು ಯಾವುದೋ ಗದ್ದೆಯ ಬದುವಿನ ಮೇಲೆ ನಡೆದು ಮನೆ ಸೇರಿದರಲ್ಲ, ಅವರ ಕಥೆ ಎಲ್ಲಿದೆ?

‘ಹೇಡಿ’ ಎಂಬ ಮಾತನ್ನಂತೂ ವಾಪಸು ತೆಗೆದುಕೊಳ್ಳಿ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರು ತಮ್ಮ ಸೈನಿಕರಲ್ಲೇ ಎಷ್ಟೋ ಮಂದಿಯನ್ನು ಹೇಡಿತನ, ಪಲಾಯನದಂಥ ಆರೋಪ ಹೊರಿಸಿ ಗುಂಡಿಟ್ಟು ಕೊಂದರು. ಅಂಥ 306 ಜನರಿಗೆ 2006ರಲ್ಲಿ, ಅವರ ಮಕ್ಕಳೂ ಮುದುಕರಾಗಿ ಹೋದ ಮೇಲೆ, ಕಾನೂನು ಮಾಡಿ ಕ್ಷಮೆ ನೀಡಿದರು. ಯುದ್ಧ ಕಂಡವನ ಆ ನಡುಕಕ್ಕೆ ಇವತ್ತು ವೈದ್ಯರು ಬಳಸುವ ಹೆಸರು, ‘ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್’, ಅಮೆರಿಕದ ಮನೋವೈದ್ಯರ ಕೈಪಿಡಿಗೆ ಬಂದದ್ದೇ 1980ರಲ್ಲಿ. ನಮ್ಮ ಊರುಗಳಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ‘ಅವರಿಗೆ ಸದ್ದು ಆಗುವುದಿಲ್ಲ’ ಎನ್ನುತ್ತಿದ್ದರು, ಕೆಲವರಿಗೆ ಬದನೆಕಾಯಿ ಆಗುವುದಿಲ್ಲ ಎಂದ ಹಾಗೆ.

ನನಗೆ ಹೇಗೆ ಗೊತ್ತು? ಅಪ್ಪ ಪಿರಿಯಾಪಟ್ಟಣದ ಕಡೆಯವರು, ಪ್ರೈಮರಿ ಶಾಲೆಯ ಮೇಷ್ಟ್ರು. ಆಗ ಕೊಡಗು ಬೇರೆಯೇ ರಾಜ್ಯ. ಕುಶಾಲನಗರದ ಹೊಳೆ ದಾಟಿದರೆ ಮೈಸೂರು. ವಿರಾಜಪೇಟೆಯ ಹತ್ತಿರದ ಹಳ್ಳಿಯೊಂದರಲ್ಲಿ ಕೊಡವರ ಮನೆಯ ಪಕ್ಕದ ಎರಡು ಕೋಣೆಯಲ್ಲಿ ನಮ್ಮ ಬಾಡಿಗೆ ಸಂಸಾರ. ಆ ಮನೆಯ ಯಜಮಾನರ ತಮ್ಮನನ್ನು ನಾವು ಮಕ್ಕಳು ಮಿಲಿಟ್ರಿ ಮಾವ ಎನ್ನುತ್ತಿದ್ದೆವು. ಅವರು ದಿನಾ ಬೆಳಿಗ್ಗೆ ಬೂಟಿಗೆ ಪಾಲಿಶ್ ಹಾಕಿ, ಮೂತಿ ಕಾಣುವ ಹಾಗೆ ಉಜ್ಜಿ, ಜಗಲಿಯ ಬಿಸಿಲಿಗೆ ಇಟ್ಟು, ಬರಿಗಾಲಲ್ಲಿ ಗದ್ದೆಗೆ ಇಳಿಯುತ್ತಿದ್ದರು.

ನನಗಾಗ ಎಂಟು ವರ್ಷ. ಅಂಗಡಿಯಿಂದ ಸಕ್ಕರೆ ತಂದ ಕಾಗದದ ಚೀಲಕ್ಕೆ ಗಾಳಿ ಊದಿ, ಅವರ ಬೆನ್ನ ಹಿಂದೆ ನಿಂತು ಢಬ್ ಎನಿಸಿದೆ. ಮಾವ ಅಂಗಳದಲ್ಲಿ ಬೋರಲಾಗಿ ಬಿದ್ದರು. ಮೊಣಕೈ ಒಳಕ್ಕೆ, ಗಲ್ಲ ನೆಲಕ್ಕೆ. ಪಾಲಿಶ್ ಡಬ್ಬಿಯ ಮುಚ್ಚಳ ಉರುಳುತ್ತ ನನ್ನ ಕಾಲ ಬಳಿ ಬಂದು ಗಿರ್ರನೆ ತಿರುಗಿ ನಿಂತಿತು. ನಾನು ನಕ್ಕೆ. ಅವರು ಏಳಲಿಲ್ಲ. ಒಳಗಿನಿಂದ ಯಜಮಾನರ ಹೆಂಡತಿ ಬಲ್ಯವ್ವ ಬಂದರು, ಅಂಗೈ ತುಂಬ ಅಕ್ಕಿಹಿಟ್ಟು. ಮೈದುನನ ಪಕ್ಕ ಕುಕ್ಕರಗಾಲಲ್ಲಿ ಕೂತು ಬೆನ್ನ ಮೇಲೆ ಕೈ ಇಟ್ಟರು. ‘ಮೋನೇ, ಒಂದು ಚೊಂಬು ನೀರು ತಾ’ ಎಂದರು ನನಗೆ, ಅಷ್ಟೆ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ನೀರು ತರುವಾಗ ಕಂಡದ್ದು ಖಾಕಿ ಅಂಗಿಯ ಮೇಲೆ ಐದು ಬಿಳಿ ಬೆರಳು.

ನಿಮಗೆ ನಾನು ಹೇಳಬೇಕಾಗಿಲ್ಲ, ಆ ಕಾಲದಲ್ಲಿ ಕೋವಿಯ ಸದ್ದೇ ಊರಿನ ಪತ್ರಿಕೆ. ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಆಯುಧ ಪೂಜಿಸುವ ಕೈಲ್ ಮುಹೂರ್ತದ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿ, ಹುತ್ತರಿಗೆ ಕದಿರು ತೆಗೆಯುವಾಗ ಗಾಳಿಗೆ ಗುಂಡು. ಸದ್ದು ಆಗದವನು ಇಂಥ ಊರಲ್ಲಿ ಬದುಕುವುದು ಹೇಗೆ? ಆ ವರ್ಷ ಹುತ್ತರಿಯಲ್ಲಿ ‘ಪೊಲಿ ಪೊಲಿ ದೇವಾ’ ಎನ್ನುತ್ತ ಕದಿರು ಕೊಯ್ದದ್ದು ಮನೆ ಕೆಳಗಿನ ಗದ್ದೆಯಲ್ಲೇ. ಗುಂಡು ಹಾರಿದ್ದು ಮಾತ್ರ ತೋಡಿನಾಚೆ, ಪಕ್ಕದ ಮನೆಯವರ ಗದ್ದೆಯ ತುದಿಯಲ್ಲಿ. ಚಳಿಗಾಲ ಕಳೆಯುವಷ್ಟರಲ್ಲಿ ಮೇಲಿನ ಮನೆಯ ಅಜ್ಜಿ ತೀರಿಕೊಂಡರು. ಎರಡು ಗುಂಡು ಹೊಡೆಯುವ ಮುಂಚೆ ಆ ಮನೆಯ ಹುಡುಗನೊಬ್ಬ ಏದುಸಿರು ಬಿಡುತ್ತ ಓಡಿಬಂದ. ‘ಈಗ ಹೊಡೀತಾರೆ’ ಎಂದು ಬಲ್ಯವ್ವನ ಕಿವಿಗೆ ಹೇಳಿ ಹಾಗೇ ಓಡಿದ. ಸಾವಿನ ಸುದ್ದಿ ಹೇಳಬೇಕಾದದ್ದು ಗುಂಡು. ಗುಂಡಿನ ಸುದ್ದಿ ಹೇಳಲು ಒಬ್ಬ ಹುಡುಗ!

ಮನೆಯ ಮಾತನ್ನು ಬೀದಿಗೆ ತರಬಾರದು ಎನ್ನುತ್ತೀರಿ. ಬೀದಿಗೆ ಎಲ್ಲ ಗೊತ್ತಿತ್ತು ಸ್ವಾಮಿ. ಗೊತ್ತಿದ್ದೇ ಅದನ್ನು ಕಾಪಾಡಿತು. ನೀವು ಮಾವನನ್ನು ಮುಚ್ಚಿಟ್ಟರೆ ತೋಡು ದಾಟಿ ಹೋಗಿ ಗುಂಡು ಹಾರಿಸಿದವರನ್ನೂ ಮುಚ್ಚಿಟ್ಟ ಹಾಗೆ.

ಈಗ ನನ್ನ ಗೋಳು ಸ್ವಲ್ಪ ಕೇಳಿ. ತಿಂಗಳಿಗೆ ಹತ್ತಾರು ಬಾಲ್ಯದ ಲೇಖನಗಳು ಈ ಮೇಜಿಗೆ ಬರುತ್ತವೆ. ಎಲ್ಲದರಲ್ಲೂ ಮಳೆ, ಹಲಸಿನ ಹಪ್ಪಳ, ಕಂಬಳಿ, ಒಲೆಯ ಮುಂದೆ ಅಜ್ಜಿ. ಒಬ್ಬ ಅಜ್ಜಿಯಾದರೂ ಸಿಡುಕುವುದಿಲ್ಲ, ಒಬ್ಬ ಅಪ್ಪನೂ ಕುಡಿಯುವುದಿಲ್ಲ. ಸೀಮೆಎಣ್ಣೆಗೆ ರೇಷನ್ ಇದ್ದ ಕಾಲದಲ್ಲಿ ಪಕ್ಕದ ಮನೆಗೆ ಬಾಟಲಿ ಹಿಡಿದು ಹೋದ ಮಗುವಿನ ನಾಚಿಕೆ ಯಾರ ಬರಹದಲ್ಲೂ ಇಲ್ಲ. ಇತ್ತ ಹೋಮ್‌ಸ್ಟೇ ಗೇಟುಗಳ ಮೇಲೆ ‘ವೀರರ ನಾಡಿಗೆ ಸ್ವಾಗತ’ ಎಂಬ ಬೋರ್ಡು. ಆ ಗೇಟಿನವರಿಗೆ ಪಕ್ಕದ ತೋಟದಲ್ಲಿ ಯಾರಿದ್ದಾರೆಂದು ಕೇಳಿ ನೋಡಿ. ಹೋದ ವರ್ಷ ಒಬ್ಬರ ವಿಳಾಸ ಹುಡುಕುತ್ತ ನಾನು ಮೂರು ಗೇಟು ತಟ್ಟಿದೆ. ಮೂವರೂ ಮೊಬೈಲಿನಲ್ಲಿ ಮ್ಯಾಪ್ ತೆಗೆದರು. ಹುಡುಕುತ್ತಿದ್ದ ಮನೆ ನಾಲ್ಕನೆಯದು.

ನೀವು ನಾಲ್ಕು ಪುಟ ಕೈಯಲ್ಲೇ ಬರೆದಿರಿ, ಅಕ್ಷರ ಮುತ್ತಿನ ಹಾಗಿದೆ. ಮೂರನೆಯ ಪುಟದಲ್ಲಿ ‘ನಮ್ಮ ಅಜ್ಜನೂ ಬರ್ಮಾಕ್ಕೆ ಹೋಗಿದ್ದರು, ಬಂದ ಮೇಲೆ ಹೆಚ್ಚು ಮಾತಾಡುತ್ತಿರಲಿಲ್ಲ’ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನಾನು ಆ ಸಾಲನ್ನು ಎರಡು ಸಲ ಓದಿದೆ.

ಇನ್ನು ನೀವು ಹಿಡಿದ ತಪ್ಪು. ಕಥೆಯಲ್ಲಿ ಹುತ್ತರಿಯ ರಾತ್ರಿ ಕಡಂಬುಟ್ಟು ಬಡಿಸಿದ್ದಾರೆ, ಅದು ಕೈಲ್ ಮುಹೂರ್ತದ ಊಟ, ಹುತ್ತರಿಗೆ ತಂಬಿಟ್ಟು ಎಂದಿದ್ದೀರಿ. ಸರಿಯಾಗಿಯೇ ಹೇಳಿದ್ದೀರಿ. ಪ್ರೂಫ್ ನೋಡಿದವನು ನಾನೇ. ಕೊಡಗಿನ ಮನೆಯ ಪಕ್ಕದಲ್ಲೇ ಬೆಳೆದರೂ ನಾನು ಇನ್ನೂ ಪಿರಿಯಾಪಟ್ಟಣದವನೇ ಎಂದು ಮನೆಯಾಕೆ ನಿಮ್ಮ ಪತ್ರ ಓದಿ ನಗುತ್ತಿದ್ದಾಳೆ.

— ಸಂ.